ಹೊಳೆ ದಾಟಿದ ಅರಸ

"ಸ್ವಾಮಿ, ಇಬ್ಬರಿಗೆ ಜಗಳವಾದರೆ ತಪ್ಪು ಮಾಡಿದವನಲ್ಲವೇ ಮೊದಲು ಬರಬೇಕಾದವನು? ತಪ್ಪಿಲ್ಲದವನು ತಾನಾಗಿ ಹೋದರೆ, ತಪ್ಪು ತನ್ನದೇ ಎಂದು ಒಪ್ಪಿಕೊಂಡ ಹಾಗಾಗುವುದಿಲ್ಲವೇ?" ಎಂದು ಚೌರಪ್ಪ ತನ್ನ ಗುರು ಇನ್ನಾಸಪ್ಪ ಸ್ವಾಮಿಗಳನ್ನು ಕೇಳಿದ.

ಚೌರಪ್ಪ ತನ್ನ ಒಡಹುಟ್ಟಿದ ತಮ್ಮನ ಜೊತೆ ಮಾತು ಬಿಟ್ಟಿದ್ದ. ಅದು ಗುರುಗಳಿಗೆ ತಿಳಿದಿತ್ತು. ಅವರು ಆ ವಿಷಯ ಎತ್ತಲಿಲ್ಲ. ಚರ್ಚಿನ ಜಗಲಿಯ ಮೇಲೆ ಕುಳಿತು ಈ ಕತೆ ಹೇಳಿದರು.

ಬಹಳ ಹಿಂದೆ, ಪಡುವಣದ ಒಂದು ಚಳಿನಾಡಿನಲ್ಲಿ ಎರ್ವಿನ್ ಎಂಬ ಅರಸನಿದ್ದ. ದೊಡ್ಡ ದೈವಭಕ್ತ. ಬೆಳಗಿನ ಪೂಜೆ ಮುಗಿಯದೆ ಅವನು ಏನನ್ನೂ ತಿನ್ನುತ್ತಿರಲಿಲ್ಲ. ಪ್ರತಿ ಶುಕ್ರವಾರ ಅರಮನೆಯ ಅಂಗಳಕ್ಕೆ ಬಡವರನ್ನು ಕರೆಸಿ, ಮಂಡಿಯೂರಿ, ತಾನೇ ಅವರ ಕಾಲು ತೊಳೆದು ಊಟಕ್ಕೆ ಕೂರಿಸುತ್ತಿದ್ದ. ಆಗ ಅರಮನೆಯ ಹೆಬ್ಬಾಗಿಲು ತೆರೆದಿರುತ್ತಿತ್ತು. ಜನ ಬಂದು ನಿಂತು ನೋಡುತ್ತಿದ್ದರು. ನಮ್ಮ ಅರಸ ಸಂತ ಎನ್ನುತ್ತಿದ್ದರು. ಆ ಮಾತು ಅರಸನ ಕಿವಿಗೂ ಬೀಳುತ್ತಿತ್ತು.

ಹೊಳೆಯ ಆಚೆಯ ಸೀಮೆಯನ್ನು ಅವನ ತಮ್ಮ ವಿಲ್ಮಾರ್ ಆಳುತ್ತಿದ್ದ. ಹೊಳೆಯಂಚಿನ ಒಂದು ಹುಲ್ಲುಗಾವಲು ಯಾರಿಗೆ ಸೇರಬೇಕು ಎಂಬುದರ ಮೇಲೆ ಇಬ್ಬರಿಗೂ ಮನಸ್ತಾಪವಿತ್ತು. ಆದರೆ ಅವರ ನಡುವೆ ಬೆಂಕಿ ಹೊತ್ತಿದ್ದು ಹುಲ್ಲಿಗಾಗಿ ಅಲ್ಲ. ಅಕ್ಕನ ಮಗಳ ಮದುವೆಯ ಊಟದಲ್ಲಿ ಯಾರೋ ಎರ್ವಿನ್ನನ ಭಕ್ತಿಯನ್ನು ಹೊಗಳಿದರು. ವಿಲ್ಮಾರ್ ಎಲ್ಲರಿಗೂ ಕೇಳುವಂತೆ, "ಅಣ್ಣ ಬಡವರ ಕಾಲು ತೊಳೆಯುವುದು ಬಾಗಿಲು ತೆರೆದಿಟ್ಟು. ಬಾಗಿಲು ಮುಚ್ಚಿ ತೊಳೆದದ್ದನ್ನು ಯಾರಾದರೂ ನೋಡಿದ್ದೀರಾ?" ಎಂದ.

ನೆಂಟರು ನಕ್ಕುಬಿಟ್ಟರು. ಅರಸ ಊಟ ಬಿಟ್ಟು ಎದ್ದು ಹೋದ.

ಮಂತ್ರಿಗಳಿಗೆ ಇಷ್ಟೇ ಸಾಕಾಗಿತ್ತು. ಇದು ಮನೆಯ ಮಾತಲ್ಲ, ಸಿಂಹಾಸನಕ್ಕೆ ಆದ ಅವಮಾನ ಎಂದರು. ಅರಸ ಬೇಡವೆನ್ನಲಿಲ್ಲ. ಸೈನ್ಯ ಹೊರಟಿತು. ಅತ್ತ ತಮ್ಮನೂ ಸೈನ್ಯ ಕಟ್ಟಿಕೊಂಡು ಬಂದ. ನಡುವೆ ಹೊಳೆ, ಎರಡು ದಡದಲ್ಲೂ ಡೇರೆಗಳು.

ಕಾಳಗದ ದಿನ ಬೆಳಗ್ಗೆ ಅರಸ ಎಂದಿನಂತೆ ಪೂಜೆಗೆ ನಿಂತ. ಬಯಲಿನಲ್ಲಿ ಹೂಡಿದ್ದ ಪೀಠದ ಮುಂದೆ ಸೈನಿಕರೆಲ್ಲ ಸೇರಿದ್ದರು. ಪರಲೋಕದ ತಂದೆಗೆ ಮಾಡುವ ಪ್ರಾರ್ಥನೆಯನ್ನು ಅರಸ ಗಟ್ಟಿಯಾಗಿ ಹೇಳುವುದು ವಾಡಿಕೆ. ಅವನು ಹೇಳುತ್ತಾ ಹೋದ. ನಮಗೆ ಕೆಡುಕು ಮಾಡಿದವರನ್ನು ಕ್ಷಮಿಸುತ್ತೇವೆ ಎಂಬಲ್ಲಿಗೆ ಬಂದಾಗ ಅವನ ನಾಲಿಗೆ ನಿಂತಿತು. ಮತ್ತೊಮ್ಮೆ ಮೊದಲಿನಿಂದ ಹೇಳಿದ. ಮತ್ತೆ ಅಲ್ಲಿಗೇ ಬಂದು ನಿಂತ. ಪೂಜೆ ಮಾಡುತ್ತಿದ್ದ ಮುದಿ ಪಾದ್ರಿ ಅವನನ್ನು ಅವಸರಪಡಿಸಲಿಲ್ಲ, ಮುಂದಿನ ಮಾತನ್ನು ಹೇಳಿಕೊಡಲೂ ಇಲ್ಲ.

ಅರಸ ಕತ್ತಿಯನ್ನು ಬಿಚ್ಚಿ ನೆಲದ ಮೇಲಿಟ್ಟ. ಯಾರೂ ಬರಬೇಡಿ ಎಂದು ಹೇಳಿ, ಸೊಂಟದವರೆಗಿನ ನೀರಿನಲ್ಲಿ ಒಬ್ಬನೇ ಹೊಳೆ ದಾಟಿದ. ಆಚೆ ದಡದ ಬಿಲ್ಲುಗಾರರು ಬಾಣ ಹೂಡಿ ನಿಂತರು. ಬರುತ್ತಿರುವವನು ಅರಸನೆಂದು ಗುರುತು ಸಿಕ್ಕಿದ ಮೇಲೆ ಏನು ಮಾಡಬೇಕೆಂದು ಅವರಿಗೆ ತೋಚಲಿಲ್ಲ.

ಡೇರೆಯೊಳಗೆ ವಿಲ್ಮಾರ್ ಗಂಜಿ ಕುಡಿಯುತ್ತಿದ್ದ. ಅಣ್ಣ ನೀರು ಸುರಿಸುತ್ತಾ ಎದುರಿಗೆ ಬಂದು ನಿಂತ.

"ಮದುವೆಯಲ್ಲಿ ನೀನು ಆಡಿದ ಮಾತು ಅರ್ಧ ನಿಜ. ಜನ ನೋಡಲಿ ಎಂದು ನನಗೆ ಆಸೆಯಿತ್ತು" ಎಂದ.

ವಿಲ್ಮಾರ್ ಬಟ್ಟಲು ಕೆಳಗಿಡಲಿಲ್ಲ. "ಇನ್ನರ್ಧ?"

"ಅವರ ಕಾಲು ನಿಜವಾಗಿಯೂ ಕೊಳೆಯಾಗಿದ್ದವು, ತಮ್ಮ."

ವಿಲ್ಮಾರನಿಗೆ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಅವನ ಕಣ್ಣು ತುಂಬಿ ಬಂತು. ಎದ್ದು ತನ್ನ ಮೇಲಂಗಿಯನ್ನು ಅಣ್ಣನಿಗೆ ಹೊದಿಸಿದ. ಇನ್ನೊಂದು ಬಟ್ಟಲು ಗಂಜಿ ತರಿಸಿದ. ಬಿಸಿಲೇರುವ ಹೊತ್ತಿಗೆ ಎರಡೂ ಕಡೆ ಡೇರೆ ಬಿಚ್ಚುವಂತೆ ಅಪ್ಪಣೆಯಾಯಿತು. ಅಂದಿನಿಂದ ಆ ಹುಲ್ಲುಗಾವಲಿನಲ್ಲಿ ಎರಡೂ ಸೀಮೆಯ ದನಗಳು ಮೇಯುತ್ತಿದ್ದವು.

ಮಂತ್ರಿಗಳು ಅರಸನನ್ನು ಹೇಡಿ ಎಂದರು. ಗೆದ್ದು ಬರುತ್ತಾನೆಂದು ಕಾದಿದ್ದ ಜನರಿಗೂ ಬೇಸರವಾಯಿತು. ಸಂತ ಎಂಬ ಮಾತು ಊರಿನಲ್ಲಿ ನಿಂತುಹೋಯಿತು. ಶುಕ್ರವಾರ ನೋಡಲು ಬರುವವರೂ ಕಡಿಮೆಯಾದರು. ಅರಸ ಎಂದಿನಂತೆ ಕಾಲು ತೊಳೆಯುತ್ತಿದ್ದ. ಗಾಳಿಗೆ ಬಾಗಿಲು ತೆರೆದರೂ ಮುಚ್ಚಿದರೂ ಹಾಗೆಯೇ ಬಿಟ್ಟ. ಅವನಿಗೆ ಒಳ್ಳೆಯ ನಿದ್ದೆ ಬರುತ್ತಿತ್ತು. ಹಬ್ಬಗಳಲ್ಲಿ ತಮ್ಮ ಬರುತ್ತಿದ್ದ, ಇಬ್ಬರೂ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು. ತಲೆ ನರೆತ ಮೇಲೆ, ಒಂದು ಮಧ್ಯಾಹ್ನ, ತಮ್ಮನ ಕೈ ಹಿಡಿದುಕೊಂಡೇ ಅವನು ತೀರಿಕೊಂಡ.

ಅವನು ಹೋಗಿ ಬಹಳ ವರ್ಷಗಳ ಮೇಲೆ ಆ ನಾಡಿನವರಿಗೆ ಅವನ ನೆನಪು ಬಲವಾಗತೊಡಗಿತು. ಅವನನ್ನು ಸಂತನೆಂದು ಸಾರಬೇಕೆಂಬ ಕೋರಿಕೆ ಚರ್ಚಿನ ಹಿರಿಯರಿಗೆ ಹೋಯಿತು. ಸಂತನೆನಿಸಲು ಅವನಿಂದ ಒಂದು ಪವಾಡವಾದರೂ ನಡೆದಿರಬೇಕಿತ್ತು. ವಿಚಾರಿಸಲು ಧರ್ಮಾಧ್ಯಕ್ಷರೇ ಬಂದರು. ಒಬ್ಬ ಮುದುಕ, ಹರೆಯದಲ್ಲಿ ಅರಸನ ಸೈನ್ಯದಲ್ಲಿದ್ದವನು, ಮುಂದೆ ಬಂದ. ಅರಸನಿಂದ ನಿನ್ನ ಯಾವ ಗಾಯ ವಾಸಿಯಾಯಿತು ಎಂದು ಅವರು ಕೇಳಿದರು. ಮುದುಕ, "ನನಗೆ ಗಾಯವೇ ಆಗಲಿಲ್ಲ, ಪ್ರಭು" ಎಂದ. ಹಿಂದೆ ನಿಂತಿದ್ದ ತನ್ನ ಮಕ್ಕಳನ್ನೂ ಮೊಮ್ಮಕ್ಕಳನ್ನೂ ತೋರಿಸಿದ. ಧರ್ಮಾಧ್ಯಕ್ಷರು ಅದನ್ನೇ ಪವಾಡವೆಂದು ಬರೆಸಿಕೊಂಡರು. ಇಂದಿಗೂ ಆ ನಾಡಿನವರು ಅವನ ಹಬ್ಬದ ದಿನ ಹೊಳೆಯ ದಡದಲ್ಲಿ ಕೂತು ಗಂಜಿ ಕುಡಿಯುತ್ತಾರಂತೆ.

ಗುರುಗಳು ಕತೆ ನಿಲ್ಲಿಸಿದರು.

"ಕತೆ ಚೆನ್ನಾಗಿದೆ ಸ್ವಾಮಿ. ಆದರೆ ತಪ್ಪು ಅಣ್ಣನದೋ ತಮ್ಮನದೋ ಎಂಬುದು ಕೊನೆಗೂ ತೀರ್ಮಾನವಾಗಲಿಲ್ಲವಲ್ಲ?"

"ಅದನ್ನು ತೀರ್ಮಾನಿಸಲೆಂದು ಬಂದಿದ್ದ ಎರಡು ಸೈನ್ಯಗಳೂ ಮನೆಗೆ ಹೋಗಿಬಿಟ್ಟವಲ್ಲಪ್ಪ" ಎಂದರು ಗುರುಗಳು.