ರಾಜನ ನಾಯಿಯ ಊಟ, ಸಂಕಪ್ಪನ ರುಚಿ

ಏಳು ಕೆರೆಯಾಚೆ ಒಂದು ರಾಜ್ಯ. ಅಲ್ಲೊಬ್ಬ ರಾಜ. ರಾಜನಿಗೊಂದು ಬೇಟೆನಾಯಿ, ಹೆಸರು ಬಾಣ. ಹೆಸರೇನೋ ಬಾಣ, ಮೈ ಮಾತ್ರ ಬರೀ ದಾರ. ಗಾಳಿ ಬೀಸಿದರೆ ಹಾರಿಹೋಗಿ ಅರಮನೆಯ ಮಾಡಿನ ಮೇಲೆ ಸಿಕ್ಕಿಕೊಳ್ಳುತ್ತಿತ್ತು. ಮೂರು ಸಲ ಏಣಿ ಹಾಕಿ ಇಳಿಸಿದ್ದರು. ಸುಳ್ಳಲ್ಲ ಮಕ್ಕಳೇ, ಆ ಏಣಿಗೆ ಮೂವತ್ತೆರಡು ಮೆಟ್ಟಿಲು!

ನಾಯಿಯನ್ನು ನೋಡಿಕೊಳ್ಳುವವಳು ಬೊಮ್ಮವ್ವ. ನಾಯಿಗೆ ದಿನಾ ಹರಿವಾಣದ ತುಂಬ ತುಪ್ಪದನ್ನ ಬರುತ್ತಿತ್ತು. ಆದರೆ ಆ ಅರಮನೆಗೊಂದು ಕಟ್ಟಳೆ. ವಿಷ ಗಿಷ ಇದ್ದೀತೆಂದು, ರಾಜನ ನಾಯಿಯ ಊಟವನ್ನೂ ಮೊದಲೊಬ್ಬ ರುಚಿ ನೋಡಬೇಕು. ಆ ಕೆಲಸ ರಾಣಿಯ ತಮ್ಮ ಸಂಕಪ್ಪನದು. ಅವನು ಮುಕ್ಕಾಲು ಹರಿವಾಣ ರುಚಿ ನೋಡುತ್ತಿದ್ದ!

"ನಾಯಿಗೂ ಒಂಚೂರು ಉಳಿಸಿ ಸ್ವಾಮಿ," ಅಂದಳು ಬೊಮ್ಮವ್ವ.

"ತಳದಲ್ಲೇ ವಿಷ ಇದ್ದರೆ ಏನ್ಮಾಡ್ತೀಯೇ ಮುದುಕಿ?" ಅಂದು ಸಂಕಪ್ಪ ಇನ್ನೊಂದು ತುತ್ತು ಕಲಸಿದ.

ರಾಣಿಯ ತಮ್ಮ, ದೂರು ಯಾರಿಗೆ ಕೊಡುವುದು? ಅಷ್ಟರಲ್ಲಿ ರಾಜ ಕರೆಸಿ, "ಬೊಮ್ಮವ್ವಾ, ಇಪ್ಪತ್ತೊಂದು ದಿನ ಕೊಟ್ಟಿದ್ದೀನಿ. ನಾಯಿ ನನ್ನ ಕುದುರೆಯ ಮುಂದೆ ಓಡದಿದ್ದರೆ ನೀನು ಗಡಿ ದಾಟು," ಅಂದುಬಿಟ್ಟ.

ಹುಟ್ಟಿದೂರು ಬಿಟ್ಟು ಎಲ್ಲಿಗೆ ಹೋಗುವುದು? ಬೊಮ್ಮವ್ವ ಕೂತು ಯೋಚಿಸಿದಳು. ಸಂಕಪ್ಪ ಮುಟ್ಟದ ಹಸಿಮಾಂಸವನ್ನೇ ನಾಯಿಗೆ ಕೊಡಬೇಕು. ಆದರೆ ಒಂದೇ ಸಲ ಸುರಿದರೆ ನಾಯಿ ಕಕ್ಕುತ್ತದೆ, ಸಂಕಪ್ಪ ಕೂಗುತ್ತಾನೆ. ಇಬ್ಬರಿಗೂ ಮೆಲ್ಲಗೇ ಒಗ್ಗಿಸಬೇಕು!

ಮೊದಲ ವಾರ ತುಪ್ಪದನ್ನದಲ್ಲಿ ಹೆಬ್ಬೆರಳಷ್ಟು ಕೊಚ್ಚಿದ ಹಸಿಮಾಂಸ ಇಟ್ಟಳು. ಸಂಕಪ್ಪ ಅದನ್ನು ಆರಿಸಿ ನಾಯಿಗೆ ಎಸೆದ, ಅನ್ನ ನುಂಗಿದ.

ಎರಡನೆಯ ವಾರ ಅರ್ಧ ಅನ್ನ, ಅರ್ಧ ಮಾಂಸ. ಸಂಕಪ್ಪ ಮೂಗು ಹಿಡಿದುಕೊಂಡು ನಾಲ್ಕು ತುತ್ತು ತಿಂದು ಎದ್ದ.

ಮೂರನೆಯ ವಾರ ಅನ್ನವೇ ಇಲ್ಲ. ಬರೀ ಹಸಿಮಾಂಸ, ಮೆತ್ತನೆಯ ಮೂಳೆ. ಸಂಕಪ್ಪ ಬಾಗಿಲಲ್ಲೇ ನಿಂತು, "ಆಯ್ತಾಯ್ತು, ರುಚಿ ನೋಡಿದೆ!" ಎಂದು ಓಡಿದ. ಬಾಣ ಹರಿವಾಣ ನೆಕ್ಕಿ ಮಿರಮಿರ ಮಿಂಚಿತು.

ಇಪ್ಪತ್ತೊಂದನೆಯ ದಿನ ರಾಜ ಕುದುರೆ ಹತ್ತಿದ. ಕುದುರೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಬಾಣ ಬೆಟ್ಟ ಸುತ್ತಿ ಬಂದು, "ಯಾಕಿಷ್ಟು ತಡ?" ಅನ್ನುವ ಹಾಗೆ ಕುದುರೆಯ ಮುಂದೆ ನಿಂತು ಬೊಗಳಿತು!

ರಾಜ ಕುಣಿದಾಡಿದ. "ಇವತ್ತು ನಾಯಿ ನನ್ನೆದುರೇ ಉಣ್ಣಲಿ. ತನ್ನಿ ಹರಿವಾಣ! ಸಂಕಪ್ಪಾ, ರುಚಿ ನೋಡು!"

ಕೆಂಪು ಕೆಂಪು ಮಾಂಸ ಕಂಡು ಸಂಕಪ್ಪನ ಮುಖ ಬಿಳಿಚಿತು. "ನೋಡಿದೆ ಭಾವಾ."

"ಬಾಯಿಗೇ ಹಾಕಲಿಲ್ಲವಲ್ಲೋ!"

"ನಾಚಿಕೆ ಅವರಿಗೆ," ಅಂದಳು ಬೊಮ್ಮವ್ವ. "ತುಪ್ಪದನ್ನ ಇದ್ದಾಗ ಮುಕ್ಕಾಲು ಹರಿವಾಣ ತಿನ್ನುತ್ತಿದ್ದರು ಮಹಾಪ್ರಭು."

ಸಂಕಪ್ಪ ತಡೆಯಲಾರದೆ, "ಅಯ್ಯೋ ಭಾವಾ, ಈ ವಾರ ನಾನು ಇದನ್ನು ಮುಟ್ಟೇ ಇಲ್ಲ!" ಅಂದುಬಿಟ್ಟ.

ರಾಜ ಮೀಸೆ ತಿರುವಿದ. "ಓಹೋ! ನೀನು ತಿಂದಷ್ಟೂ ದಿನ ನಾಯಿ ಸೊರಗಿತು. ನೀನು ಬಿಟ್ಟ ವಾರ ಬೆಟ್ಟ ಸುತ್ತಿತು!"

ಅಂದಿನಿಂದ ನಾಯಿಯ ಮಾಂಸ ಕೊಚ್ಚುವ ಕೆಲಸ ಸಂಕಪ್ಪನಿಗೆ. ಪಕ್ಕದಲ್ಲಿ ಕಾಲು ಚಾಚಿ ಕೂತ ಬೊಮ್ಮವ್ವ, "ಇನ್ನೂ ಸಣ್ಣಗೆ ಸ್ವಾಮಿ, ಇನ್ನೂ ಸಣ್ಣಗೆ," ಅನ್ನುತ್ತಿದ್ದಳು.

ಕೇಳಿದಿರಾ ಮಕ್ಕಳೇ? ಬಾಯಿಲ್ಲದ ಜೀವದ ಪಾಲು ಕದ್ದವನು ತನ್ನ ಬಾಯಿಂದಲೇ ಸಿಕ್ಕಿಬೀಳುತ್ತಾನೆ. ಆತುರಪಡದೆ ಹೆಜ್ಜೆ ಹೆಜ್ಜೆಯಾಗಿ ನಡೆದವರು ಗೆಲ್ಲುತ್ತಾರೆ.