ತಿಪ್ಪವ್ವನ ಹಸೆಗೋಡೆ

ಹತ್ತಿರ ಬನ್ನಿ ಮಕ್ಕಳೇ. ಗೋಡೆಗೆ ಒರಗಬೇಡಿ, ಒರಗಿದರೆ ನಿದ್ದೆ ಬರುತ್ತೆ. ಇದು ಗೋಡೆಯದೇ ಕಥೆ, ಎದ್ದಿದ್ದು ಕೇಳಬೇಕು.

ಒಂದು ರಾಜ್ಯದಲ್ಲಿ ಕೆಂಚರಾಜ ಅಂತ ಒಬ್ಬ ರಾಜ ಇದ್ದ. ಅವನಿಗೆ ಕೆಂಪು ಬಣ್ಣ ಅಂದರೆ ಪ್ರಾಣ. ಅರಮನೆಯ ಗೋಡೆ ಕೆಂಪು, ಕಂಬ ಕೆಂಪು, ತೆರೆ ಕೆಂಪು, ಹಾಸಿಗೆ ಕೆಂಪು, ತಲೆಯೆತ್ತಿದರೆ ಸೂರೂ ಕೆಂಪು. ಕೆಂಪು ಪಂಚೆ ಉಟ್ಟು ಕೆಂಪು ದಿಂಬಿಗೆ ಒರಗಿದನೆಂದರೆ ರಾಜ ಯಾವುದು, ದಿಂಬು ಯಾವುದು ಗೊತ್ತಾಗುತ್ತಿರಲಿಲ್ಲ. ಒಂದು ದಿನ ಅಡುಗೆಯವನು ದಿಂಬಿಗೆ ಕೈಮುಗಿದು, ಮಜ್ಜಿಗೆ ಬಟ್ಟಲನ್ನು ರಾಜನ ಹೊಟ್ಟೆಯ ಮೇಲೆ ಇಟ್ಟು ಹೋದ.

ಇಷ್ಟಾದರೂ ರಾಜನಿಗೆ ಸಮಾಧಾನ ಇಲ್ಲ. ಬೀದಿಯಲ್ಲಿ ಹೋಗುವಾಗ ಬಡವರ ಮನೆಯೊಳಗೆ ಒಂದೇ ಒಂದು ಕೆಂಪು ಗೋಡೆ ಕಂಡರೂ ಕಣ್ಣು ಅಲ್ಲೇ ನಿಲ್ಲುತ್ತಿತ್ತು. ಅರಮನೆಗೆ ಬಂದರೆ ಬರೀ ತಲೆನೋವು. ಯಾಕೆ ಹೀಗೆ ಅಂತ ಅರಮನೆಯ ಪಾರುಪತ್ತೇಗಾರ ಚೆಲುವಯ್ಯನನ್ನು ಕೇಳಿದ. ಚೆಲುವಯ್ಯನಿಗೆ ಬೆಣ್ಣೆ ಹಚ್ಚೋದರಲ್ಲಿ ಎತ್ತಿದ ಕೈ. ಊರಿಗೆಲ್ಲ ಕೆಂಪು ಇದ್ದರೆ ತಮ್ಮ ಕೆಂಪಿಗೆ ಬೆಲೆ ಎಲ್ಲಿ ಬುದ್ಧಿ, ಅಂದ.

ರಾಜನಿಗೂ ಹೌದೆನ್ನಿಸಿತು. ಅವತ್ತೇ ಡಂಗುರ ಹೊಡೆಸಿದ. ಊರಿನ ಯಾವ ಮನೆಯೊಳಗೂ ಕೆಂಪು ಇರಕೂಡದು. ಯಾರ ಕೈಯಿಂದ ಗೋಡೆ ಕೆಂಪಾಗುತ್ತೋ ಅವರಿಗೆ ಒಂದು ಸಲ ಮಾಫಿ, ಎರಡು ಸಲ ಮಾಫಿ, ಮೂರನೇ ಸಲ ಅವರ ಮನೆ ಅರಮನೆಗೆ.

ಆ ಊರಲ್ಲಿ ತಿಪ್ಪವ್ವ ಅಂತ ಒಬ್ಬಳು ಕುಂಕುಮ ಮಾಡಿ ಮಾರುತ್ತಿದ್ದಳು. ಅವಳಿಗೆ ಚಂಪಿ ಅಂತ ಒಬ್ಬಳೇ ಮಗಳು, ಎಂಟು ದಿನಕ್ಕೆ ಮದುವೆ. ಅಲ್ಲಿನ ಪದ್ಧತಿ ಏನು ಗೊತ್ತಾ? ಮನೆಯೊಳಗಿನ ಗೋಡೆಗೆ ಕೆಂಪು ಬಳಿದು, ಮೇಲೆ ಅಕ್ಕಿಹಿಟ್ಟಿನ ಚಿತ್ರ ಬರೆದು, ಅದರ ಮುಂದೆ ಹೆಣ್ಣು ಗಂಡನ್ನು ಕೂರಿಸಬೇಕು. ಅದೇ ಹಸೆಗೋಡೆ. ಹಸೆಗೋಡೆ ಇಲ್ಲದ ಮನೆಗೆ ಬೀಗರು ಕಾಲಿಡೋದಿಲ್ಲ, ಬಂದ ಗಾಡಿಯಲ್ಲೇ ವಾಪಸ್. ಚಂಪಿ ಮೂಲೆ ಹಿಡಿದು ಅಳುತ್ತಾ ಕೂತಳು.

ಮೊದಲನೇ ಸಲ ತಿಪ್ಪವ್ವ ಗುಡ್ಡದ ಕೆಮ್ಮಣ್ಣು ತಂದು ಬಳಿದಳು. ಚೆಲುವಯ್ಯ ಆಳುಗಳ ಜೊತೆ ಬಂದು ಸುಣ್ಣ ಹೊಡೆಸಿದ. ಒಂದು ಅಂದ.

ಎರಡನೇ ಸಲ ಒಡೆದ ಮಡಕೆ ಕುಟ್ಟಿ, ಪುಡಿ ಮಾಡಿ ಬಳಿದಳು. ಚೆಲುವಯ್ಯ ಬಂದ, ಸುಣ್ಣ ಹೊಡೆಸಿದ. ಎರಡು ಅಂದ. ಇನ್ನೊಂದು ಸಲ ಆದರೆ ಮದುವೆಯೂ ಇಲ್ಲ, ಮನೆಯೂ ಇಲ್ಲ ಅಂತ ಮೀಸೆ ತಿರುವಿದ.

ತಿಪ್ಪವ್ವ ಇಡೀ ದಿನ ಯೋಚಿಸಿದಳು. ಆಮೇಲೆ ಎದ್ದು ಸುಣ್ಣವನ್ನೆಲ್ಲ ಕೆರೆದು ತೆಗೆದು, ಮಣ್ಣು ಮೆತ್ತಿ ಸಾರಿಸಿ, ಚೆನ್ನಾಗಿ ಒಣಗಿಸಿದಳು. ಮೇಲೆ ಗಟ್ಟಿಯಾಗಿ ಅರಿಶಿನ ಬಳಿದಳು. ಗೋಡೆ ಸೇವಂತಿಗೆ ಹೂವಿನ ಹಾಗೆ ಹಳದಿಯಾಯಿತು. ನನ್ನ ಗೋಡೆಯಲ್ಲಿ ಕೆಂಪಿಲ್ಲ, ಮದುವೆಮನೆಗೆ ಬಂದು ತಾವೇ ನೋಡಿ ಹರಸಬೇಕು ಅಂತ ರಾಜನಿಗೆ ಹೇಳಿಕಳಿಸಿದಳು.

ರಾಜ ಬಂದ. ಚೆಲುವಯ್ಯ ಸುಣ್ಣದ ಗಡಿಗೆ ಹೊರಿಸಿಕೊಂಡೇ ಬಂದ. ಇವಳು ಚಾಪೆ ಕೆಳಗೆ ತೂರಿದರೆ ಅವನು ರಂಗೋಲಿ ಕೆಳಗೆ ತೂರೋನು.

"ಬುದ್ಧಿ, ಈ ಹಳದಿಯ ಅಡಿಯಲ್ಲಿ ಕೆಂಪು ಬಚ್ಚಿಟ್ಟಿದ್ದಾಳೆ. ಹೊಡೀರೋ ಸುಣ್ಣ" ಅಂದ.

ಊರೆಲ್ಲ ಸುಣ್ಣ ಹೊಡೆದು ಆಳುಗಳ ಕೈ ಬೊಬ್ಬೆ ಎದ್ದಿತ್ತು. ಅವರು ಗಡಿಗೆ ಇಳಿಸಿ ಹಿಂದೆ ಸರಿದರು.

"ಬೇಡ ಸ್ವಾಮಿ, ತಮ್ಮಂಥ ದೊಡ್ಡೋರು ನಮ್ಮ ಗೋಡೆ ಮುಟ್ಟಬಾರದು" ಅಂದಳು ತಿಪ್ಪವ್ವ.

ಬೇಡ ಅಂದರೆ ಬಿಡುವ ಜಾತಿಯೇ ಚೆಲುವಯ್ಯ? ರಾಜನ ಎದುರು ನಿಷ್ಠೆ ತೋರಿಸಬೇಕಲ್ಲ! ತಾನೇ ಕುಂಚ ಹಿಡಿದು ಒಂದು ಸಲ ಎಳೆದ. ಎಳೆದಲ್ಲಿ ಕೆಂಪಾಯಿತು. ಸುಣ್ಣ ಸಾಲದು ಅಂತ ಇನ್ನೊಂದು ಸಲ ದಪ್ಪಗೆ ಎಳೆದ. ಇನ್ನೂ ಕೆಂಪಾಯಿತು. ರೇಗಿ ಗಡಿಗೆಯನ್ನೇ ಎತ್ತಿ ಸುರಿದ. ಗೋಡೆಗೆ ಗೋಡೆಯೇ ಕೆಂಪು!

ಮಕ್ಕಳೇ, ಅರಿಶಿನಕ್ಕೆ ಸುಣ್ಣ ಸೇರಿದರೆ ಏನಾಗುತ್ತೆ ಅಂತ ನಿಮ್ಮ ಅಜ್ಜಿಯನ್ನು ಕೇಳಿ, ಆರತಿ ನೀರು ಕಲೆಸುವ ಯಾವ ಹೆಂಗಸನ್ನಾದರೂ ಕೇಳಿ. ಜನ್ಮವೆಲ್ಲ ಆರತಿ ಎತ್ತಿಸಿಕೊಂಡ ಚೆಲುವಯ್ಯನಿಗೆ ಮಾತ್ರ ಅದನ್ನು ಕಲೆಸೋದು ಹೇಗೆ ಅಂತ ಗೊತ್ತಿರಲಿಲ್ಲ.

ತಿಪ್ಪವ್ವ ಕೈಮುಗಿದು ನಿಂತಳು. "ಬುದ್ಧಿ, ನಾನು ಬಳಿದದ್ದು ಹಳದಿ. ಕೆಂಪು ಮಾಡಿದ ಕೈ ಯಾವುದು, ಎಷ್ಟು ಸಲ ಮಾಡಿತು, ತಾವೇ ನೋಡಿದಿರಿ."

ರಾಜ ಬೆರಳು ಮಡಚಿದ. ಒಂದು, ಎರಡು, ಮೂರು. ಚೆಲುವಯ್ಯನ ಮನೆ ಅರಮನೆಗೆ! ಚೆಲುವಯ್ಯ ತಿಪ್ಪವ್ವನ ಕಾಲಿಗೇ ಬಿದ್ದ. ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ನಿಂತ ಮೇಲೆ ಆ ಗೋಡೆಯನ್ನೇ ನೋಡುತ್ತಾ ಕೇಳಿದ, "ತಿಪ್ಪವ್ವ, ನನ್ನ ಮನೆ ತುಂಬ ಕೆಂಪಿದೆ. ಈ ಚೆಂದ ಅಲ್ಲಿ ಯಾಕಿಲ್ಲ?"

"ಕುಂಕುಮ ಹಣೆಗೆ ಒಂದು ಬೊಟ್ಟಿದ್ದರೆ ಚೆಂದ ಬುದ್ಧಿ. ಮುಖಕ್ಕೆಲ್ಲ ಬಳಿದುಕೊಂಡರೆ ಮೈಮೇಲೆ ದೇವರು ಬಂದಿದೆ ಅಂತ ಜನ ದೂರ ಸರೀತಾರೆ."

ರಾಜನಿಗೆ ನಾಚಿಕೆಯಾಯಿತು. ಅಲ್ಲೇ ತನ್ನ ಅಪ್ಪಣೆ ಹಿಂದಕ್ಕೆ ತೆಗೆದುಕೊಂಡ. ಚೆಲುವಯ್ಯನಿಗೆ ಮನೆ ಉಳಿಯಿತು, ಆದರೆ ತಿಪ್ಪವ್ವನ ಮಾತಿನಂತೆ ಮದುವೆಯ ಆರತಿ ನೀರನ್ನು ಅವನೇ ಕಲೆಸಬೇಕಾಯಿತು. ಗೋಡೆ ಒಣಗಿದ ಮೇಲೆ ತಿಪ್ಪವ್ವ ಅಕ್ಕಿಹಿಟ್ಟಿನ ಚಿತ್ರ ಬರೆದಳು. ಬೀಗರು ಬಂದರು, ಹಸೆಗೋಡೆ ನೋಡಿ ಹಿಗ್ಗಿದರು. ಚಂಪಿ ಅದರ ಮುಂದೆ ನಗುನಗುತ್ತಾ ಕೂತಳು.

ಆಮೇಲೆ ಅರಮನೆಯ ಮೂರು ಗೋಡೆಗೆ ಸುಣ್ಣ ಬಿತ್ತು, ಒಂದೇ ಗೋಡೆ ಕೆಂಪಾಗಿ ಉಳಿಯಿತು. ಸುಣ್ಣ ಹೊಡೆದವನು ಯಾರು ಅಂತ ನಾನು ಹೇಳಬೇಕಾಗಿಲ್ಲ. ರಾಜನ ತಲೆನೋವು ಹೋಯಿತು. ಅಡುಗೆಯವನು ಮಜ್ಜಿಗೆಯನ್ನು ರಾಜನ ಕೈಗೇ ಕೊಟ್ಟ.

ಕಥೆ ಇಷ್ಟೇ, ನೀತಿ ಗಂಟು ಹಾಕಿಕೊಳ್ಳಿ. ಚೆಂದ ಅನ್ನೋದು ಹಿತಮಿತವಾಗಿದ್ದರೆ ಚೆಂದ. ಇನ್ನೊಬ್ಬರ ಮನೆಯ ಬಣ್ಣ ಅಳಿಸಲು ಹೋದವನು ತನ್ನ ಕೈಯಾರೆ ಅದನ್ನು ಬಳಿದು ಬರುತ್ತಾನೆ.