ಮುದಿ ಹುಣಸೆಗೆ ಎಳೆ ಚಿಗುರು ಯಾಕೆ

"ಈ ನೂಲಿನ ತುದಿ ಬಿಡಬ್ಯಾಡ್ರಿ, ಈಗ ಬಂದೆ" ಅಂದಳು ನೀಲವ್ವ. ಗಂಡನ ಜೊತೆ ಅವಳು ಆಡಿದ ಕೊನೆಯ ಮಾತು ಅದು.

ಲೋಕ ಆಗಿನ್ನೂ ಹಸಿಹಸಿ. ಬೆಟ್ಟಗಳು ಪೂರ್ತಿ ಗಟ್ಟಿಯಾಗಿರಲಿಲ್ಲ. ಯಾವ ಕಡೆ ಹರಿಯಬೇಕು ಅನ್ನೋದು ಹೊಳೆಗೆ ಆಗಾಗ ಮರೆತುಹೋಗುತ್ತಿತ್ತು.

ಗಿಡಗಳಿಗೆ ನೂಲು ಹೊಸೆಯುವ ಕೆಲಸ ದ್ಯಾವಪ್ಪ ಮತ್ತು ಅವನ ಹೆಂಡತಿ ನೀಲವ್ವನದು. ಪ್ರತಿ ಗಿಡದ ಹೊಟ್ಟೆಯಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ನೂಲುಗಳಿರುತ್ತವೆ. ಎಲೆ ಅಗಲವೋ ಕಿರಿದೋ, ಹೂವು ಕೆಂಪೋ ಬಿಳಿಯೋ, ಮುಳ್ಳು ಬೇಕೋ ಬೇಡವೋ, ಎಲ್ಲ ಆ ನೂಲಿನಲ್ಲೇ. ದ್ಯಾವಪ್ಪ ಹೊಸೆಯುತ್ತಿದ್ದ. ನೀಲವ್ವ ತುದಿ ಮುಗಿಸುತ್ತಿದ್ದಳು. ಹೇಗೆ ಮುಗಿಸುತ್ತಾಳೆ ಅಂತ ಅವನು ಒಂದು ದಿನವೂ ನೋಡಿದವನಲ್ಲ.

ಅವತ್ತು ಹೊಳೆಗೆ ಹೋದವಳು ದಂಡೆಯಲ್ಲೇ ಮಲಗಿದಳು. ಏಳಲಿಲ್ಲ. ದ್ಯಾವಪ್ಪ ಅಲ್ಲೇ ಮಣ್ಣು ಮಾಡಿದ. ಮೇಲೆ ಒಂದು ಹುಣಸೆ ಬೀಜ ಊರಿದ. ಎಲ್ಲ ಒಂದೇ ಕೈಯಲ್ಲಿ. ಇನ್ನೊಂದು ಮುಷ್ಟಿಯಲ್ಲಿ ಆ ನೂಲಿನ ತುದಿ ಇತ್ತು. ಬಿಡಲಿಲ್ಲ.

ಹುಣಸೆ ಮೊಳೆಯಿತು. ಜೋಳ ಬಂದು ನೂಲು ಕೇಳಿತು, ಕುಂಬಳ ಬಂದು ಕೇಳಿತು. ತೊಡೆಯ ಮೇಲೆ ಒಂದೇ ಕೈಯಲ್ಲಿ ಹೊಸೆದು ಕೊಟ್ಟ. ಹುಣಸೆ ಸಸಿಗೂ ಕೊಟ್ಟ. ಯಾವುದರ ತುದಿಯನ್ನೂ ಮುಗಿಸದೆ ಹಾಗೇ ಬಿಟ್ಟ.

ಬಿಸಿಲಿಗೆ ಹರಿದ ನೂಲನ್ನು ಕೂಡಿಸುವುದು ಕೆಂಪಿರುವೆಗಳ ಕೆಲಸ. ಒಳ್ಳೆ ಕೆಲಸಗಾರರು. ಬರೀ ತುದಿ ಕಂಡರೆ ಸಾಕು, ಹರಿದಿದೆ ಅಂದುಕೊಂಡು ಇನ್ನೊಂದು ತುದಿಗೆ ಗಂಟು ಹಾಕುತ್ತಿದ್ದವು. ಈಗ ಎಲ್ಲಿ ನೋಡಿದರೂ ತುದಿ. ಈ ನೂಲನ್ನು ಆ ನೂಲಿಗೆ ಕಟ್ಟಿದವು.

ಗಿಡ ಬೆಳೆಯಬೇಕಾದರೆ ನೂಲು ಎರಡು ಪಾಲಾಗಬೇಕು. ಪಾಲಾಗಲು ಹೋದರೆ ಗಂಟು ಬಿಡದು. ಜಗ್ಗಿ ಜಗ್ಗಿ ನಡುವೆ ಹರಿಯುವುದು. ಇರುವೆ ಮತ್ತೆ ಕಟ್ಟುವುದು. ಮತ್ತೆ ಹರಿಯುವುದು.

ಜೋಳದ ಸುಳಿ ಒಣಗಿತು. ಕುಂಬಳದ ಕುಡಿ ಕಪ್ಪಾಯಿತು. ಆಮೇಲೆ ಹುಣಸೆ ಸಸಿಯ ಕುಡಿಯೂ ಬಾಗಿತು.

ನೀಲವ್ವನ ಮಣ್ಣಿನ ಮೇಲೆ ಹಸಿರಾಗಿ ಉಳಿದದ್ದು ಅದೊಂದೇ. ದ್ಯಾವಪ್ಪ ಇರುವೆಗಳ ಹತ್ತಿರ ಹೋಗಿ ಬಾಯಿಗೆ ಬಂದಂತೆ ಬೈದ.

ಇರುವೆ ಮುದುಕಿ ಮುಂದೆ ಬಂದಳು. "ಹರಿದದ್ದು ಯಾವುದು, ಮುಗಿದದ್ದು ಯಾವುದು, ನಮಗ ಹ್ಯಾಂಗ ತಿಳೀಬೇಕೋ ತಮ್ಮಾ? ನಿನಗರೆ ತಿಳಿದದ ಏನು? ಮುಷ್ಟಿ ಬಿಚ್ಚು ನೋಡೋಣ."

"ಬರ್ತೀನಿ ಅಂದಾಳ" ಅಂದ ದ್ಯಾವಪ್ಪ.

"ಬರಾಕಿ ಇದ್ದಿದ್ರ, ನಿನ್ನ ಅಂಗಳದ ಕಸಾ ನೋಡಿ ಬೈಯಾಕರೆ ಇಷ್ಟೊತ್ತಿಗೆ ಬಂದಿರ್ತಿದ್ದಳು."

ದ್ಯಾವಪ್ಪ ಹೊಳೆಯ ದಂಡೆಗೆ ಹೋಗಿ ಕೂತ.

ಹೊಳೆ ಮೆಲ್ಲಗೆ ಮಾತು ತೆಗೆಯಿತು. ನೀಲವ್ವ ದಿನಾ ಬರುತ್ತಿದ್ದಳಂತೆ. ನೀರಿಗಲ್ಲ, ದಂಡೆಯ ಮೆತ್ತನೆ ಮಣ್ಣಿಗೆ. ಈ ಗರಿಕೆ ಹುಲ್ಲಿನ ನೂಲು ಅವಳೇ ಮುಗಿಸಿದ್ದಂತೆ. ಬಿಡಿಸಿ ನೋಡು ಅಂದಿತು.

ಗರಿಕೆ ಬಿಡಿಸಲು ಎರಡೂ ಕೈ ಬೇಕು.

ದ್ಯಾವಪ್ಪ ಒಂದೊಂದೇ ಬೆರಳು ಸಡಿಲಿಸಿ ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ನೂಲಿನ ಗುರುತು ಮೂಡಿತ್ತು. ಅದು ಹರಿದಿರಲಿಲ್ಲ. ಯಾರೂ ಮುಗಿಸಿರಲಿಲ್ಲ, ಅಷ್ಟೇ.

ಗರಿಕೆ ಬಿಡಿಸಿದ. ಒಳಗೆ ನೂಲಿನ ತುದಿ ಹಿಂದಕ್ಕೆ ಮಡಚಿ, ಅದೇ ನೂಲಿನ ಹೊಸೆತದೊಳಗೆ ಸಿಕ್ಕಿಸಿತ್ತು. ಅದರ ಮೇಲೆ ಮಣ್ಣಿನ ಕಣಗಳು ಸಾಲಾಗಿ ತಬ್ಬಿ ಕಾವಲು ಕೂತಿದ್ದವು. ಒಂದು ಇರುವೆ ಬಂತು. ತುದಿ ಅಂತ ಗೊತ್ತಾಗದೆ ದಾಟಿ ಹೋಯಿತು.

ಬೇರೆ ಗಿಡಗಳನ್ನು ಯಾಕೆ ಕಾಯಲಿಲ್ಲ ಅಂತ ಕಣಗಳನ್ನು ಕೇಳಿದ.

"ಯಾರೂ ಕರೀಲಿಲ್ಲ" ಅಂದವು.

ಕೈಯಲ್ಲಿದ್ದ ನೂಲನ್ನು ಅಲ್ಲೇ ಮಡಚಿದ. ಸೊಟ್ಟಗಾಯಿತು. ನೀಲವ್ವನದು ಇನ್ನೂ ಗುಂಡಗಿರುತ್ತಿತ್ತು ಅಂತ ಕಣಗಳು ನಕ್ಕವು. ಅವನಿಗೂ ಸ್ವಲ್ಪ ನಗು ಬಂತು. ಬಿಚ್ಚಿದ. ಮತ್ತೆ ಮಡಚಿದ. ಹೊತ್ತು ಮುಳುಗುವಷ್ಟರಲ್ಲಿ ಕೈ ಕೂತಿತು.

ಮರುದಿನ ಬೆಳಿಗ್ಗೆ ಧೋತರದ ಉಡಿಯಲ್ಲಿ ಹಸಿ ಮಣ್ಣು ತುಂಬಿಕೊಂಡು ಹುಣಸೆ ಸಸಿಯ ಹತ್ತಿರ ಹೋದ. ಗಂಟು ಬಿಡಿಸಿದ. ತುದಿ ಮಡಚಿ ಸಿಕ್ಕಿಸಿದ. ಕಣಗಳನ್ನು ಹೆಸರು ಹಿಡಿದು ಕರೆದು ಕೂರಿಸಿದ. ಇರುವೆ ಮುದುಕಿ ಸುತ್ತ ಬಂದು ನೋಡಿ, ಇಲ್ಲಿ ನಮಗೆ ಕೆಲಸವಿಲ್ಲ ಅಂತ ಹೊರಟಳು. ಸಸಿಯ ಕುಡಿ ಒಂದಿಷ್ಟು ತಲೆಯೆತ್ತಿತು. ದ್ಯಾವಪ್ಪ ನಿಲ್ಲಲಿಲ್ಲ. ಜೋಳದ ಹತ್ತಿರ ಹೋದ, ಅಲ್ಲಿಂದ ಕುಂಬಳದ ಹತ್ತಿರ.

ಆ ಕಾವಲಿನ ಕಣಗಳು ಇನ್ನೂ ತುದಿ ಬಿಟ್ಟು ಎದ್ದಿಲ್ಲ. ಓದಿದವರು ಅವಕ್ಕೆ ಪ್ರೋಟೀನು ಅನ್ನುತ್ತಾರಂತೆ. ನೂಲಿಗೆ ಗಂಟು ಬೀಳುವುದಿಲ್ಲ, ಅದಕ್ಕೇ ಮಗಾ, ತೊಗಟೆ ಬಿರಿದು ಹೊಟ್ಟೆ ಪೊಳ್ಳಾದ ಮುದಿ ಹುಣಸೆ ಕೂಡ, ನೀನು ಕಿತ್ತು ಬಾಯಿಗೆ ಹಾಕಿಕೊಳ್ಳುವ ಚಿಗುರನ್ನು ಮೊನ್ನೆ ಹುಟ್ಟಿದ ಸಸಿಯಷ್ಟೇ ಮೆತ್ತಗೆ, ಅಷ್ಟೇ ಹುಳಿಯಾಗಿ ಬಿಡುತ್ತದೆ.